ಚಿತ್ರದ ಅಡಿಯಲ್ಲೊಂದು ಹೆಸರು

ಮಳೆ ಹಿಡಿದ ಸಂಜೆಯಲ್ಲಿ ಮುದುಕನೊಬ್ಬ ಕೊಡೆ ಹಿಡಿದು ಬೀದಿಯಲ್ಲಿ ನಿಂತಿದ್ದಾನೆ. ಅವನ ಹಿಂದೆ ಹಳೆಯ ಗೋಡೆ, ಅದರಾಚೆ ಮನೆಗಳ ಸಾಲು, ಇನ್ನೂ ಆಚೆ ಮಸುಕಾದ ಗುಡ್ಡ, ಎಲ್ಲಕ್ಕಿಂತ ಹಿಂದೆ ಮೋಡ ಕವಿದ ಆಕಾಶ. ಕಥೆಯೊಂದಕ್ಕೆ ಇಂಥ ಚಿತ್ರ ಬೇಕಾದರೆ ಹಿಂದೆ ಕಲಾವಿದರ ಮನೆ ಬಾಗಿಲಿಗೆ ಹೋಗಬೇಕಿತ್ತು. ಇಂದು ಸಾಧಾರಣ ಕಂಪ್ಯೂಟರೊಂದು ಇದ್ದರೆ ಕಾಲೇಜಿನ ಹುಡುಗಿಯೊಬ್ಬಳು ಮನೆಯಲ್ಲೇ ಕುಳಿತು ಅದನ್ನು ಸಿದ್ಧಪಡಿಸಬಲ್ಲಳು. ಮುದುಕನ ದೇಹ ಒಂದು ಉಚಿತ ಭಂಡಾರದಿಂದ ಬರುತ್ತದೆ, ಕೊಡೆ ಇನ್ನೊಂದರಿಂದ, ಗೋಡೆಯ ಸವೆದ ಕಲ್ಲು ಮತ್ತೊಂದರಿಂದ. ಅವಳು ಮುದುಕನನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸಿ, ಬೇಕಾದ ಕಡೆಯಿಂದ ಬೆಳಕು ಬೀಳಿಸಿ, ಆ ಬೊಂಬೆಯ ಚಿತ್ರವನ್ನು ಲೆಕ್ಕ ಹಾಕಿ ತೆಗೆಯುವಂತೆ ಕಂಪ್ಯೂಟರಿಗೆ ಹೇಳುತ್ತಾಳೆ. ಈ ಕೆಲಸಕ್ಕೆ ರೆಂಡರ್ ಎಂದು ಹೆಸರು. ಬಳಿಕ ಆ ಚಿತ್ರವನ್ನು ಪದರ ಪದರವಾಗಿ ಜೋಡಿಸಿದ ಹಿನ್ನೆಲೆಯ ಮುಂದೆ ಇಡುತ್ತಾಳೆ.

ಚಿತ್ರ ಸಿದ್ಧವಾಯಿತು. ಆದರೆ ಅದರ ಅಡಿಯಲ್ಲಿ ಯಾರ ಹೆಸರು ಬರೆಯಬೇಕು? ಜೋಡಿಸಿದವಳದೋ, ಮುದುಕನನ್ನು ಕೆತ್ತಿ ಲೋಕಕ್ಕೆ ಬಿಟ್ಟುಕೊಟ್ಟವನದೋ, ಗೋಡೆಯ ಕಲ್ಲನ್ನು ಫೋಟೋ ತೆಗೆದು ಹಂಚಿದವನದೋ? ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಪ್ರಶ್ನೆ ಇದು ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಇದು ಬಹಳ ಹಳೆಯ ಪ್ರಶ್ನೆ. ಸಿದ್ಧ ಆಕೃತಿಗಳನ್ನು ಹಂಚಿಕೊಂಡು, ಪದರಗಳನ್ನು ಜೋಡಿಸಿ, ಹಲವು ಕೈಗಳು ಕೂಡಿ ಚಿತ್ರ ಮಾಡುವ ರೂಢಿ ನಮ್ಮ ನೆಲದಲ್ಲೂ ಇತ್ತು. ಅದರ ಇತಿಹಾಸವನ್ನು ಒಮ್ಮೆ ತಿರುಗಿ ನೋಡಿದರೆ ಇಂದಿನ ಗೊಂದಲಗಳಿಗೂ ಒಂದಿಷ್ಟು ಬೆಳಕು ಸಿಗುತ್ತದೆ.

ಚರ್ಬಾ ಎಂಬ ಪದ

ಮೊಗಲ್ ದೊರೆ ಅಕ್ಬರನ ಕಿತಾಬ್‌ಖಾನಾದಲ್ಲಿ ಗ್ರಂಥಗಳನ್ನು ಬರೆಯುವುದರ ಜೊತೆಗೆ ಅವುಗಳಿಗೆ ಚಿತ್ರ ಹಾಕುವ ಕೆಲಸವೂ ನಡೆಯುತ್ತಿತ್ತು. ಅಲ್ಲಿ ಒಂದು ಚಿತ್ರವನ್ನು ಅನೇಕ ವೇಳೆ ಒಬ್ಬನೇ ಮುಗಿಸುತ್ತಿರಲಿಲ್ಲ. ಅನುಭವಿ ಕಲಾವಿದನೊಬ್ಬ ಒಟ್ಟು ವಿನ್ಯಾಸದ ರೇಖೆ ಎಳೆಯುತ್ತಿದ್ದ. ಇದು ‘ತರ್ಹ್’. ಇನ್ನೊಬ್ಬ ಅದಕ್ಕೆ ಬಣ್ಣ ತುಂಬುತ್ತಿದ್ದ. ಇದು ‘ಅಮಲ್’. ಮುಖ್ಯ ವ್ಯಕ್ತಿಗಳ ಮುಖ ಬರೆಯಲು ಮತ್ತೊಬ್ಬ ಬರುತ್ತಿದ್ದ. ಇದು ‘ಚೆಹರಾ ನಾಮೀ’.

ಒಮ್ಮೆ ಚೆನ್ನಾಗಿ ಮೂಡಿಬಂದ ಆನೆ, ಕುದುರೆ ಅಥವಾ ಮನುಷ್ಯನ ಆಕೃತಿಯನ್ನು ಮತ್ತೆ ಬಳಸಲು ಅವರ ಬಳಿ ಒಂದು ಸಾಧನವಿತ್ತು. ಅದೇ ಚರ್ಬಾ. ‘ಚರ್ಬ್’ ಎಂದರೆ ಪಾರಸಿಯಲ್ಲಿ ಜಿಡ್ಡು, ಕೊಬ್ಬು. ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿದ ಜಿಂಕೆಯ ಚರ್ಮವನ್ನು ಹಳೆಯ ಚಿತ್ರದ ಮೇಲಿಟ್ಟು ರೇಖೆಗಳನ್ನು ನಕಲು ಮಾಡುತ್ತಿದ್ದರು. ಆ ರೇಖೆಗಳ ಉದ್ದಕ್ಕೂ ಸೂಜಿಯಿಂದ ಸಣ್ಣ ತೂತುಗಳನ್ನು ಚುಚ್ಚಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟನ್ನು ಅದರ ಮೇಲೆ ಮೆಲ್ಲಗೆ ತಟ್ಟಿದರೆ ಕೆಳಗಿನ ಹೊಸ ಕಾಗದದ ಮೇಲೆ ಚುಕ್ಕಿಗಳಲ್ಲಿ ಆಕೃತಿ ಮೂಡುತ್ತಿತ್ತು. ಅದನ್ನು ತಿರುವಿ ಹಾಕಿದರೆ ಆನೆಯ ಮುಖ ಎಡದಿಂದ ಬಲಕ್ಕೆ ತಿರುಗುತ್ತಿತ್ತು. ತಂದೆಯ ಚರ್ಬಾಗಳು ಮಗನಿಗೆ, ಗುರುವಿನ ಚರ್ಬಾಗಳು ಶಿಷ್ಯನಿಗೆ ಬರುತ್ತಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಸಿದ್ಧ ಆಕೃತಿಗಳ ಭಂಡಾರ.

ಆ ಕಾರ್ಯಾಗಾರದ ಇನ್ನೊಂದು ರೂಢಿಯನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1896ರಲ್ಲಿ ಕೊಂಡ ಅಕ್ಬರ್‌ನಾಮಾ ಪ್ರತಿಯಲ್ಲಿ 116 ಚಿತ್ರಗಳಿವೆ. ಅವುಗಳ ಕೆಳಅಂಚಿನಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿಡಲಾಗಿದೆ. ಅಕ್ಬರನು ಹವಾಯಿ ಎಂಬ ಪುಂಡ ಆನೆಯನ್ನೇರಿ ದೋಣಿಗಳ ಸೇತುವೆಯನ್ನು ದಾಟುತ್ತಿರುವ ಪ್ರಸಿದ್ಧ ಚಿತ್ರದ ವಿನ್ಯಾಸ ಬಸಾವನ್‌ನದು, ಬಣ್ಣ ಚೇತರ್ ಎಂಬವನದು. ಬಣ್ಣ ತುಂಬಿದವನ ಹೆಸರನ್ನೂ ಬಿಡಲಿಲ್ಲ.

ಅಬುಲ್ ಫಜಲ್ ತನ್ನ ‘ಐನೆ ಅಕ್ಬರಿ’ಯಲ್ಲಿ ದಸ್ವಂತನೆಂಬ ಕಲಾವಿದನ ಬಗ್ಗೆ ಬರೆದಿದ್ದಾನೆ. ಅವನು ಪಲ್ಲಕ್ಕಿ ಹೊರುವವನ ಮಗ. ಗೋಡೆಗಳ ಮೇಲೆ ಚಿತ್ರ ಬರೆಯುತ್ತಿದ್ದ ಈ ಹುಡುಗನ ಮೇಲೆ ದೊರೆಯ ಕಣ್ಣು ಬಿದ್ದು, ಅವನನ್ನು ಖ್ವಾಜಾ ಅಬ್ದುಸ್ಸಮದ್‌ರ ಕೈಗೊಪ್ಪಿಸಲಾಯಿತು. ಮಹಾಭಾರತದ ಪಾರಸಿ ಅನುವಾದವಾದ ‘ರಜ್ಮ್‌ನಾಮಾ’ದ ಅನೇಕ ಚಿತ್ರಗಳ ವಿನ್ಯಾಸ ಅವನದು. ಇದು ನಮಗೆ ತಿಳಿದಿರುವುದು ಹೇಗೆ? ಚಿತ್ರದ ಅಂಚಿನಲ್ಲಿ ಹೆಸರು ಬರೆದಿಟ್ಟಿದ್ದರಿಂದ. ಪಲ್ಲಕ್ಕಿ ಹೊರುವವನ ಮಗನೊಬ್ಬ ನಾಲ್ಕು ಶತಮಾನಗಳಾಚೆಗೂ ಹೆಸರಿನಿಂದ ಉಳಿದದ್ದು ಅಂಥ ಒಂದೆರಡು ಪದಗಳ ಬಲದಿಂದ.

ಉರ್ದು ಬಲ್ಲವರಿಗೆ ಚರ್ಬಾ ಎಂಬ ಪದ ಇಂದು ಬೇರೆಯೇ ಅರ್ಥದಲ್ಲಿ ಪರಿಚಿತ. ಒಬ್ಬರ ಕಥೆಯನ್ನೋ ಸಿನಿಮಾವನ್ನೋ ಕದ್ದು ತನ್ನದೆಂದು ತೋರಿಸಿದರೆ ಅದನ್ನು ಚರ್ಬಾ ಎಂದು ಜರೆಯುತ್ತಾರೆ. ಪ್ರಾಮಾಣಿಕ ಕಸುಬಿನ ಸಾಧನವೊಂದರ ಹೆಸರು ಕಳ್ಳತನದ ಹೆಸರಾಯಿತು. ನಕಲು ಮಾಡುವ ಕ್ರಿಯೆ ಎರಡರಲ್ಲೂ ಒಂದೇ. ಮೂಲದವನ ಹೆಸರು ಉಳಿಯಿತೇ ಅಳಿಯಿತೇ ಎಂಬುದರಲ್ಲಿ ವ್ಯತ್ಯಾಸವಿದೆ.

ಕತ್ತರಿ, ಗಾಜು ಮತ್ತು ಹಕ್ಕುಪತ್ರ

ಚಲಿಸುವ ಚಿತ್ರಗಳ ಕಾಲ ಬಂದಾಗ ಪದರಗಳ ಪ್ರಶ್ನೆ ಮತ್ತೆ ಎದ್ದಿತು. ಪಾತ್ರ ಒಂದು ಹೆಜ್ಜೆ ಇಟ್ಟರೆ ಹಿಂದಿನ ಮನೆ ಮರಗಳನ್ನೆಲ್ಲ ಮತ್ತೆ ಬರೆಯುವುದು ದಂಡದ ಕೆಲಸವಾಗಿತ್ತು. ಅಮೆರಿಕದ ಅರ್ಲ್ ಹರ್ಡ್ ಇದಕ್ಕೊಂದು ಉಪಾಯ ಕಂಡುಕೊಂಡ. ಪಾತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆದು, ಒಮ್ಮೆ ಮಾತ್ರ ಬರೆದ ಹಿನ್ನೆಲೆಯ ಮೇಲಿಟ್ಟು ಫೋಟೋ ತೆಗೆಯುವುದು. 1914ರಲ್ಲಿ ಆತ ಇದಕ್ಕೆ ಪೇಟೆಂಟ್ ಕೋರಿದ. ಮುಂದೆ ಜೆ. ಆರ್. ಬ್ರೇ ಜೊತೆ ಸೇರಿ ಸ್ಥಾಪಿಸಿದ ಕಂಪೆನಿ ಈ ವಿಧಾನ ಬಳಸುವ ಸ್ಟುಡಿಯೋಗಳಿಂದ ಹಣ ಪಡೆಯತೊಡಗಿತು. 1930ರ ದಶಕದ ಆರಂಭದಲ್ಲಿ ಪೇಟೆಂಟುಗಳ ಅವಧಿ ಮುಗಿಯುವವರೆಗೂ ಪಾತ್ರ ಒಂದು ಪದರ, ಹಿನ್ನೆಲೆ ಇನ್ನೊಂದು ಪದರ ಎಂಬ ಸರಳ ವಿಚಾರವೂ ಖಾಸಗಿ ಆಸ್ತಿಯಾಗಿತ್ತು.

ಇದೇ ಕಾಲದಲ್ಲಿ ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬ ಯುವತಿ ಕತ್ತರಿ ಹಿಡಿದು ಕುಳಿತಿದ್ದಳು. ಕಪ್ಪು ರಟ್ಟು ಮತ್ತು ತೆಳುವಾದ ಸೀಸದ ಹಾಳೆಗಳಿಂದ ಆಕೆ ಕೈ, ಕಾಲು, ಕತ್ತುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ತಂತಿಯಿಂದ ಕೀಲು ಕೂಡಿಸುತ್ತಿದ್ದಳು. ನಮ್ಮ ತೊಗಲುಬೊಂಬೆಯ ಆಟ ನೋಡಿದವರಿಗೆ ಇದರ ಸೊಗಸು ತಕ್ಷಣ ಅರ್ಥವಾಗುತ್ತದೆ. ಪಾಟ್ಸ್‌ಡಾಮ್‌ನ ಗ್ಯಾರೇಜೊಂದರ ಮೇಲಿನ ಅಟ್ಟವೇ ಆಕೆಯ ಸ್ಟುಡಿಯೋ. ಗಾಜಿನ ಮೇಜಿನ ಕೆಳಗೆ ದೀಪ, ಗಾಜಿನ ಮೇಲೆ ಬೊಂಬೆಗಳು, ಬೇರೆಬೇರೆ ಎತ್ತರದ ಪದರಗಳಲ್ಲಿ ಹಿನ್ನೆಲೆ, ಎಲ್ಲಕ್ಕೂ ಮೇಲೆ ಕ್ಯಾಮರಾ. ಮೂರು ವರ್ಷಗಳ ದುಡಿಮೆಯ ಬಳಿಕ 1926ರಲ್ಲಿ ಅರೇಬಿಯನ್ ನೈಟ್ಸ್ ಕಥೆಗಳನ್ನು ಆಧರಿಸಿದ ‘ರಾಜಕುಮಾರ ಅಹ್ಮದನ ಸಾಹಸಗಳು’ ತೆರೆ ಕಂಡಿತು. ಇಂದು ಉಳಿದಿರುವ ಪೂರ್ಣಾವಧಿ ಆನಿಮೇಷನ್ ಚಿತ್ರಗಳಲ್ಲಿ ಇದೇ ಅತ್ಯಂತ ಹಳೆಯದು.

ಡಿಸ್ನಿ ಸ್ಟುಡಿಯೋದ ಬಹುಪದರ ಕ್ಯಾಮರಾ ಬಂದದ್ದು ಅದಕ್ಕೆ ಹನ್ನೊಂದು ವರ್ಷಗಳ ನಂತರ. ವಿಲಿಯಂ ಗ್ಯಾರಿಟಿ ಮತ್ತು ಅವರ ತಂಡ ಕಟ್ಟಿದ ಆ ಎತ್ತರದ ಯಂತ್ರದಲ್ಲಿ ಗಾಜಿನ ಮೇಲೆ ಬರೆದ ಹಲವು ಚಿತ್ರಪದರಗಳನ್ನು ಒಂದರ ಕೆಳಗೊಂದು ಜೋಡಿಸಿ, ಬೇರೆಬೇರೆ ವೇಗದಲ್ಲಿ ಸರಿಸಬಹುದಿತ್ತು. ಹತ್ತಿರದ ಮರ ಬೇಗ ಸರಿಯುತ್ತದೆ, ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ, ಚಂದ್ರ ನಿಂತಲ್ಲೇ ಇರುತ್ತಾನೆ. ರೈಲಿನ ಕಿಟಕಿಯಲ್ಲಿ ನಾವೆಲ್ಲ ಕಂಡಿರುವ ನೋಟವಿದು. 1937ರ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ, ನಂತರ ‘ಸ್ನೋ ವೈಟ್’ನಲ್ಲಿ ಇದನ್ನು ಜನ ಬೆರಗಿನಿಂದ ನೋಡಿದರು. ಅದಕ್ಕೂ ಮುಂಚೆಯೇ ಅಬ್ ಐವರ್ಕ್ಸ್ ಎಂಬ ಕಲಾವಿದ ಹಳೆಯ ಕಾರಿನ ಬಿಡಿಭಾಗಗಳಿಂದ ಅಂಥದೊಂದು ಯಂತ್ರವನ್ನು ತಾನೇ ಕಟ್ಟಿಕೊಂಡಿದ್ದ. ಆದರೆ ಸಾಮಾನ್ಯ ಪ್ರೇಕ್ಷಕರ ನೆನಪಿನಲ್ಲಿ ನಿಂತದ್ದು ಒಂದೇ ಹೆಸರು, ಡಿಸ್ನಿ. ಅಟ್ಟದ ಮೇಲಿನ ಯುವತಿಯನ್ನು ಚಿತ್ರ ಇತಿಹಾಸಕಾರರು ಮಾತ್ರ ನೆನೆದರು. ಆಕೆಯ ಚಿತ್ರದ ಮೂಲ ನೆಗೆಟಿವ್ 1945ರ ಬರ್ಲಿನ್ ಯುದ್ಧದಲ್ಲಿ ನಾಶವಾಯಿತು. ಉಳಿದಿದ್ದ ಪ್ರತಿಯಿಂದ ಅದನ್ನು ಪುನರುಜ್ಜೀವಗೊಳಿಸಿದ್ದು 1990ರ ದಶಕದ ಕೊನೆಯಲ್ಲಿ.

ತಳವಿಲ್ಲದ ಟೀಪಾಟ್

ಕಂಪ್ಯೂಟರ್ ಚಿತ್ರಗಳ ಇತಿಹಾಸದಲ್ಲಿ ಮೊದಲ ಪ್ರಸಿದ್ಧ ಉಚಿತ ಆಕೃತಿ ಮನುಷ್ಯನದಲ್ಲ, ಚಹಾದ ಟೀಪಾಟಿನದು. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಮಾರ್ಟಿನ್ ನ್ಯೂವೆಲ್‌ಗೆ ಪರೀಕ್ಷೆಗೆಂದು ಒಂದು ದುಂಡನೆಯ ವಸ್ತು ಬೇಕಿತ್ತು. ಮನೆಯಲ್ಲಿದ್ದ ಟೀಪಾಟನ್ನು ತೆಗೆದುಕೊಳ್ಳುವಂತೆ ಪತ್ನಿ ಸಾಂಡ್ರಾ ಸೂಚಿಸಿದರು. ನ್ಯೂವೆಲ್ ಅದನ್ನು ಚೌಕುಳಿ ಕಾಗದದ ಮೇಲೆ ಬರೆದು, ಅಂಕಿಗಳಾಗಿ ಪರಿವರ್ತಿಸಿ, ಆ ಅಂಕಿಗಳನ್ನು ಇತರ ಸಂಶೋಧಕರಿಗೂ ಕೊಟ್ಟರು. ಹೊಸ ಬೆಳಕು, ಹೊಸ ನೆರಳು, ಹೊಸ ಹೊಳಪು ಯಾವುದನ್ನು ಪರೀಕ್ಷಿಸಬೇಕಾದರೂ ಜಗತ್ತಿನ ಸಂಶೋಧಕರು ಅದೇ ಟೀಪಾಟನ್ನು ಬಳಸತೊಡಗಿದರು. ವಿಶೇಷವೆಂದರೆ ನ್ಯೂವೆಲ್ ಕೊಟ್ಟ ಅಂಕಿಗಳಲ್ಲಿ ಟೀಪಾಟಿಗೆ ತಳವೇ ಇರಲಿಲ್ಲ. ತಳವನ್ನು ಮುಂದೆ ಬೇರೊಬ್ಬರು ಸೇರಿಸಿದರು. ಹಂಚಿಕೊಂಡ ವಸ್ತುವಿನ ಕೊರತೆಯನ್ನು ಪಡೆದವರೇ ತುಂಬಿಕೊಟ್ಟರು. ನ್ಯೂವೆಲ್ ದಂಪತಿಯ ನಿಜವಾದ ಟೀಪಾಟ್ ಇಂದು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಆಕೃತಿ ಸಿಕ್ಕಿತು. ಅದನ್ನು ಹಿನ್ನೆಲೆಯ ಮೇಲೆ ಕೂರಿಸುವುದು ಹೇಗೆ? ಕಂಪ್ಯೂಟರ್ ಚಿತ್ರದ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. 1977ರ ಸುಮಾರಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅದಕ್ಕೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿದರು. ಆ ಚುಕ್ಕಿ ಎಷ್ಟು ಪಾರದರ್ಶಕ ಎಂಬುದನ್ನು ಈ ಅಂಕಿ ಹೇಳುತ್ತದೆ. ಇದಕ್ಕೆ ಅವರಿಟ್ಟ ಹೆಸರು ಆಲ್ಫಾ. ಮುದುಕನ ಮುಖದ ಚುಕ್ಕಿ ಪೂರ್ತಿ ಗಟ್ಟಿ, ಅವನ ಸುತ್ತಲಿನ ಖಾಲಿ ಜಾಗ ಪೂರ್ತಿ ಪಾರದರ್ಶಕ, ಗಡ್ಡದ ಅಂಚಿನ ಕೂದಲು ಅರೆಪಾರದರ್ಶಕ. ಹೀಗಾಗಿ ಹಿಂದಿನ ಗೋಡೆ ಗಡ್ಡದ ಎಳೆಗಳ ನಡುವೆಯೂ ಕಾಣುತ್ತದೆ. ಪದರಗಳನ್ನು ಕೂಡಿಸುವ ಗಣಿತದ ನಿಯಮಗಳನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಪ್ರಬಂಧವೊಂದರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. ಹರ್ಡ್‌ನ ಸೆಲ್ಯುಲಾಯ್ಡ್ ಹಾಳೆ, ರೈನಿಗರ್‌ಳ ಗಾಜು ಈಗ ಅಂಕಿಗಳಾಗಿದ್ದವು. ಈ ನಾಲ್ವರನ್ನೂ ಆಸ್ಕರ್ ನೀಡುವ ಅಕಾಡೆಮಿ 1996ರಲ್ಲಿ ತಾಂತ್ರಿಕ ಪ್ರಶಸ್ತಿಯಿಂದ ಗೌರವಿಸಿತು.

1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗ್ ಟರ್ಕ್ ಮತ್ತು ಮಾರ್ಕ್ ಲೆವಾಯ್ ಅಂಗಡಿಯಲ್ಲಿ ಕೊಂಡ ಮಣ್ಣಿನ ಮೊಲವೊಂದನ್ನು ಸ್ಕ್ಯಾನ್ ಮಾಡಿ 69,451 ತ್ರಿಕೋನಗಳ ಆಕೃತಿಯಾಗಿ ಹಂಚಿದರು. ಮುಂದೆ ಅದೇ ಭಂಡಾರಕ್ಕೆ ಬುದ್ಧನ ವಿಗ್ರಹವೂ ಡ್ರ್ಯಾಗನ್ ಆಕೃತಿಯೂ ಸೇರಿದವು. ಅವುಗಳ ಜೊತೆಗೆ ಒಂದು ವಿನಂತಿಯೂ ಇದೆ. ಇವು ಜನರ ಶ್ರದ್ಧೆ, ಸಂಸ್ಕೃತಿಗಳಿಗೆ ಸೇರಿದ ರೂಪಗಳಾದ್ದರಿಂದ ಇವನ್ನು ವಿರೂಪಗೊಳಿಸುವ ಪ್ರಯೋಗ ಬೇಡ, ಅಂಥದ್ದಕ್ಕೆ ಮೊಲವನ್ನು ಬಳಸಿಕೊಳ್ಳಿ ಎಂಬುದು ಅದರ ಸಾರ. ಉಚಿತವಾಗಿ ಸಿಕ್ಕಿದ ಮಾತ್ರಕ್ಕೆ ಮರ್ಯಾದೆಯ ಗೆರೆ ಅಳಿಸಿಹೋಗುವುದಿಲ್ಲ ಎಂಬುದನ್ನು ವಿಜ್ಞಾನಿಗಳು ನೆನಪಿಸಿದ್ದು ಮೆಚ್ಚತಕ್ಕ ಮಾತು.

ಏಳು ವಾರಗಳ ಚಂದಾ

ಆಕೃತಿಗಳು ಉಚಿತವಾದರೂ ಅವುಗಳನ್ನು ನಿಲ್ಲಿಸಿ, ಬೆಳಗಿಸಿ, ರೆಂಡರ್ ಮಾಡುವ ತಂತ್ರಾಂಶಗಳ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಈ ಗೋಡೆ ಕುಸಿದದ್ದು 2002ರಲ್ಲಿ. ನೆದರ್‌ಲ್ಯಾಂಡ್ಸ್‌ನ ಟಾನ್ ರೋಸೆಂಡಾಲ್ ತಮ್ಮ ಸ್ಟುಡಿಯೋಗಾಗಿ ಬ್ಲೆಂಡರ್ ಎಂಬ ತಂತ್ರಾಂಶವನ್ನು ರೂಪಿಸಿದ್ದರು. ಅದನ್ನು ಬೆಳೆಸಲು 1998ರಲ್ಲಿ ಕಟ್ಟಿದ ಕಂಪೆನಿ 2002ರಲ್ಲಿ ಮುಚ್ಚಿಹೋಯಿತು. ತಂತ್ರಾಂಶದ ಹಕ್ಕು ಬಂಡವಾಳಗಾರರ ಕೈಯಲ್ಲಿತ್ತು. ಒಂದು ಲಕ್ಷ ಯೂರೋ ಕೊಟ್ಟರೆ ಅದನ್ನು ಬಿಟ್ಟುಕೊಡಲು ಅವರು ಒಪ್ಪಿದರು. ಆ ವರ್ಷದ ಜುಲೈಯಲ್ಲಿ ರೋಸೆಂಡಾಲ್ ಬಳಕೆದಾರರ ಮುಂದೆ ಕೈಚಾಚಿದರು. ಏಳೇ ವಾರಗಳಲ್ಲಿ ಹಣ ಕೂಡಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್‌ನ ಮೂಲಸಂಕೇತವನ್ನು ಸಾರ್ವಜನಿಕರಿಗೆ ಒಪ್ಪಿಸಲಾಯಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಊರ ಜನ ಚಂದಾ ಎತ್ತಿ ಬಾವಿ ತೋಡಿಸಿದಂತೆ ಇದು ನಡೆಯಿತು.

2006ರಲ್ಲಿ ಇದೇ ತಂತ್ರಾಂಶದಿಂದ ‘ಎಲಿಫಂಟ್ಸ್ ಡ್ರೀಮ್’ ಎಂಬ ಸುಮಾರು ಹನ್ನೊಂದು ನಿಮಿಷದ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೆರೆ ಕಂಡಿತು. ನಿರ್ದೇಶಕ ದಮಾಸ್ಕಸ್‌ನಲ್ಲಿ ಬೆಳೆದ ಬಸ್ಸಾಮ್ ಕುರ್ದಲಿ. ಚಿತ್ರದ ಜೊತೆಗೆ ಅದರ ಪಾತ್ರಗಳು, ಹಿನ್ನೆಲೆಗಳು, ಎಲ್ಲ ಕಡತಗಳನ್ನೂ ಜನರಿಗೆ ಕೊಡಲಾಯಿತು. ಷರತ್ತು ಒಂದೇ, ಮಾಡಿದವರ ಹೆಸರು ಹೇಳಬೇಕು. ಚಲನೆಯನ್ನು ಅಭ್ಯಾಸ ಮಾಡಲು ಕುರ್ದಲಿ ತಯಾರಿಸಿದ್ದ ಮ್ಯಾನ್‌ಕ್ಯಾಂಡಿ ಎಂಬ ಬೊಂಬೆಯನ್ನೂ ಅವರು ಹೀಗೆಯೇ ಹಂಚಿದ್ದರು. 2025ರ ಮಾರ್ಚ್‌ನಲ್ಲಿ ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ ‘ಫ್ಲೋ’ ಶ್ರೇಷ್ಠ ಆನಿಮೇಷನ್ ಚಿತ್ರದ ಆಸ್ಕರ್ ಪಡೆಯಿತು. ಪ್ರವಾಹದಲ್ಲಿ ಸಿಲುಕಿದ ಬೆಕ್ಕೊಂದರ ಕಥೆ ಹೇಳುವ, ಮಾತೇ ಇಲ್ಲದ ಆ ಚಿತ್ರವನ್ನು ಮಾಡಿದ್ದೂ ಬ್ಲೆಂಡರ್‌ನಲ್ಲಿ.

ಉಚಿತ ಎಂದರೆ ಯಾವ ಉಚಿತ?

ಈಗ ನಮ್ಮ ಹುಡುಗಿಯ ಮೇಜಿಗೆ ಮರಳೋಣ. ಅವಳು ಮುದುಕನನ್ನು ಮೇಕ್‌ಹ್ಯೂಮನ್ ಎಂಬ ಮುಕ್ತ ತಂತ್ರಾಂಶದಲ್ಲಿ ವಯಸ್ಸು, ಎತ್ತರ, ಮೈಕಟ್ಟುಗಳನ್ನು ಏರಿಸಿ ಇಳಿಸಿ ಪಡೆಯಬಹುದು. ಗೋಡೆಯ ಕಲ್ಲನ್ನೂ ಆಕಾಶದ ಬೆಳಕನ್ನೂ ಪಾಲಿ ಹೇವನ್ ಭಂಡಾರದಿಂದ ತರಬಹುದು. ಬ್ಲೆಂಡರ್‌ನಲ್ಲಿ ಮುದುಕನನ್ನು ಪಾರದರ್ಶಕ ಹಿನ್ನೆಲೆಯೊಂದಿಗೆ ರೆಂಡರ್ ಮಾಡಿ, 1996ರಿಂದ ಉಚಿತವಾಗಿ ದೊರೆಯುತ್ತಿರುವ ಗಿಂಪ್‌ನಲ್ಲಿ ಪದರಗಳನ್ನು ಜೋಡಿಸಬಹುದು. ಎಲ್ಲಕ್ಕಿಂತ ಕೆಳಗೆ ಆಕಾಶ, ಅದರ ಮೇಲೆ ಗುಡ್ಡ, ಆಮೇಲೆ ಮನೆಗಳು, ಗೋಡೆ, ಮುದುಕ, ಎಲ್ಲಕ್ಕೂ ಮುಂದೆ ಮಳೆಯ ಎಳೆಗಳು. ದೂರದ ಪದರ ಹೆಚ್ಚು ಮಸುಕಾಗಿರಬೇಕು. ಹಿನ್ನೆಲೆಯಲ್ಲಿ ಬೆಳಕು ಎಡದಿಂದ ಬರುತ್ತಿದ್ದರೆ ಮುದುಕನ ಮೇಲೂ ಎಡದಿಂದಲೇ ಬೀಳಬೇಕು. ಕಾಲಡಿಯಲ್ಲಿ ನೆರಳಿಲ್ಲದಿದ್ದರೆ ಅವನು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತಾನೆ. ಈ ಎಚ್ಚರ ಉಚಿತವಾಗಿ ಸಿಗುವುದಿಲ್ಲ. ಅದನ್ನು ಕಣ್ಣಿಂದ ಕಲಿಯಬೇಕು.

ಆದರೆ ಎಲ್ಲ ಉಚಿತವೂ ಒಂದೇ ಬಗೆಯದಲ್ಲ. 2002ರ ಡಿಸೆಂಬರ್‌ನಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಕೆಲವು ಹೆಸರು ಹೇಳುವುದನ್ನು ಮಾತ್ರ ಕೇಳುತ್ತವೆ. ಕೆಲವು ವ್ಯಾಪಾರಕ್ಕೆ ಬಳಸಬೇಡಿ ಎನ್ನುತ್ತವೆ. 2009ರಲ್ಲಿ ಬಂದ ಸಿಸಿ ಜೀರೋ ಎಂಬುದು ಏನನ್ನೂ ಕೇಳದೆ ಕೊಟ್ಟುಬಿಡುತ್ತದೆ. ಪಾಲಿ ಹೇವನ್ ಈ ಬಗೆಯದು. ಡ್ಯಾಜ್ ಸ್ಟುಡಿಯೋದಂಥ ಕಡೆ ತಂತ್ರಾಂಶ ಮತ್ತು ಮೂಲ ಬೊಂಬೆ ಉಚಿತ, ಅದಕ್ಕೆ ತೊಡಿಸುವ ಬಟ್ಟೆ, ಕೂದಲುಗಳ ಮಾರಾಟವೇ ವ್ಯಾಪಾರ. ಅಲ್ಲಿ ನೀವು ತೆಗೆದ ಚಿತ್ರವನ್ನು ಮಾರಬಹುದು, ಬೊಂಬೆಯನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ. ಭಂಡಾರದಿಂದ ಏನನ್ನೇ ಎತ್ತಿಕೊಳ್ಳುವ ಮೊದಲು ಈ ಷರತ್ತನ್ನು ಓದುವುದು ಅಮಾನತ್ತನ್ನು ಕಾಯುವ ಕೆಲಸ.

ಇನ್ನೊಂದು ವಿಚಾರವೂ ಇದೆ. ಭಂಡಾರದಲ್ಲಿ ಏನಿದೆಯೋ ಅದೇ ಚಿತ್ರಕ್ಕೆ ಬರುತ್ತದೆ. ರೈನಿಗರ್‌ಳ ರಾಜಕುಮಾರ ಅಹ್ಮದ್ ಎಷ್ಟೇ ಸುಂದರನಾಗಿದ್ದರೂ ಅವನು ಯೂರೋಪಿನ ಕನಸಿನಲ್ಲಿ ಹುಟ್ಟಿದ ಪೂರ್ವದೇಶದವನು. ಬಾಗಿದ ಕತ್ತಿ, ಮಾಂತ್ರಿಕ, ಹಾರುವ ಕುದುರೆಗಳ ಆ ಲೋಕದಲ್ಲಿ ಬೀದಿಯ ಸಾಮಾನ್ಯ ಮನುಷ್ಯನಿಗೆ ಜಾಗ ಕಡಿಮೆ. ನಮ್ಮ ಊರಿನ ಮುದುಕ, ಅವನ ಲುಂಗಿ, ಹೆಂಚಿನ ಮನೆ, ಸಂತೆಯ ಕಟ್ಟೆಗಳನ್ನು ಬೇರೆಯವರು ಮಾಡಿಕೊಡಲಿ ಎಂದು ಕಾಯುತ್ತ ಕುಳಿತರೆ ನಮ್ಮ ಕಥೆಗಳಿಗೂ ಪರರ ಕನಸಿನ ಮುಖಗಳೇ ಗತಿ. ಪಡೆದವರು ಕೊಡುವವರೂ ಆಗಬೇಕು. ಟೀಪಾಟಿಗೆ ತಳ ಬಂದದ್ದೇ ಹಾಗೆ.

ಹೆಸರಿಲ್ಲದ ರಾಶಿ

2022ರಿಂದೀಚೆಗೆ ಈ ಚರಿತ್ರೆ ಹೊಸ ತಿರುವು ಪಡೆದಿದೆ. ನಾಲ್ಕು ಪದ ಬರೆದರೆ ಮುದುಕ, ಕೊಡೆ, ಮಳೆ, ಬೀದಿ ಎಲ್ಲವನ್ನೂ ಕ್ಷಣಾರ್ಧದಲ್ಲಿ ತೆಗೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ತರಬೇತುಗೊಳಿಸಲು ಬಳಸಿದ ಲಯಾನ್ ಎಂಬ ಸಂಗ್ರಹದ 2022ರ ಆವೃತ್ತಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳನ್ನು ಅಂತರ್ಜಾಲದಿಂದ ಬಾಚಿಕೊಂಡಿತ್ತು. 2023ರ ಜನವರಿಯಲ್ಲಿ ಅಮೆರಿಕದ ಮೂವರು ಕಲಾವಿದರು ಇಂಥ ಕಂಪೆನಿಗಳ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಯಂತ್ರದ ಉಪಯೋಗವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಬಸಾವನ್ ಯಾರು, ಚೇತರ್ ಯಾರು ಎಂದು ಹೇಳಬಲ್ಲ ಅಂಚು ಆ ಚಿತ್ರಗಳಿಗಿಲ್ಲ. ಕೊಟ್ಟವರು ಕೊಟ್ಟೆವೆಂದು ಹೇಳಲಿಲ್ಲ, ಪಡೆದವರು ಯಾರಿಂದ ಪಡೆದೆವೆಂದು ಹೇಳಲಾರರು. ಚರ್ಬಾ ಎಂಬ ಪದದ ಎರಡನೆಯ ಅರ್ಥದ ಸಮೀಪಕ್ಕೆ ನಾವು ಬಂದು ನಿಂತಿದ್ದೇವೆ.

ಬೇರೆ ದಾರಿ ಇಲ್ಲವೆಂದಲ್ಲ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಮುಕ್ತ ಪುಸ್ತಕಭಂಡಾರವನ್ನು ಆರಂಭಿಸಿತು. ಅಲ್ಲಿನ ಚಿತ್ರಗಳನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಮಕ್ಕಳ ಕಥೆಗೆ ಹೊಂದಿಸಬಹುದು. ಕನ್ನಡದಲ್ಲೂ ಉರ್ದುವಿನಲ್ಲೂ ಅಂಥ ಪುಸ್ತಕಗಳು ಬಂದಿವೆ. ಪುಸ್ತಕದ ಕೊನೆಯಲ್ಲಿ ಕಥೆ ಯಾರದು, ಅನುವಾದ ಯಾರದು, ಚಿತ್ರ ಯಾರದು ಎಂದು ತಪ್ಪದೆ ನಮೂದಾಗಿರುತ್ತದೆ. ಹಣವಿಲ್ಲದೆ ಪಡೆದರೂ ಋಣವನ್ನು ಮರೆಯದ ಏರ್ಪಾಡು ಇದು.

ಹೀಗಾಗಿ ಕೊಡೆ ಹಿಡಿದ ಮುದುಕನ ಚಿತ್ರ ಮಾಡಿದ ಹುಡುಗಿಗೆ ಇತಿಹಾಸ ಹೇಳುವ ಮಾತು ಸರಳವಾಗಿದೆ. ಜೋಡಣೆ ನಿನ್ನದು, ಆದ್ದರಿಂದ ನಿನ್ನ ಹೆಸರು ಬರೆ. ಮುದುಕನ ದೇಹ, ಕೊಡೆ, ಗೋಡೆಯ ಕಲ್ಲು ಯಾರಿಂದ ಬಂದವೋ ಅವರ ಹೆಸರನ್ನೂ ಬರೆ. ಪರವಾನಗಿ ಕೇಳದಿದ್ದರೂ ಬರೆ. ಅದಕ್ಕೆ ಬೇಕಾದುದು ಒಂದು ಸಾಲಿನ ಜಾಗ. ಅಕ್ಬರನ ಕಿತಾಬ್‌ಖಾನಾದಲ್ಲಿ ಚಿತ್ರದ ಅಡಿಗೆ ಹೆಸರು ಬರೆದವನಿಗೂ ಅಷ್ಟೇ ಜಾಗ ಸಾಕಾಗಿತ್ತು.